ನಾಲ್ಕನೆಯ ಗಿಣಿ

ಈ ಕಥೆಯನ್ನು ಮೊದಲು ಹೇಳಿದವರು ಕೆಂಗೇರಿ ಹಳೆಯ ಊರಿನ ನೀಲಾಂಬಿಕಾ. ಹೋದ ಮಾಘಮಾಸದಲ್ಲಿ, ಎದುರು ಮನೆಯ ನಾಮಕರಣದ ಊಟ ಮುಗಿದು ಎಲೆ ಎತ್ತಿದ ಮೇಲೆ, ಶಾಮಿಯಾನದ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಒತ್ತೊತ್ತಾಗಿ ಎಳೆದುಕೊಂಡು ಕೂತವರಿಗೆ ಅವರು ಇದನ್ನು ಹೇಳಿದರು. ಆಮೇಲೆ ಬೇರೆಯವರ ಬಾಯಲ್ಲಿ ಗಿಣಿ ಕೆಂಪಾದದ್ದೂ ಉಂಟು, ಕಲ್ಲು ಬೆಳ್ಳಿಯದಾದದ್ದೂ ಉಂಟು. ಇಲ್ಲಿರುವುದು ಕಣ್ಣಾರೆ ಕಂಡ ನೀಲಾಂಬಿಕಾ ಹೇಳಿದ ಪಾಠ. ಅದರಲ್ಲಿ ಗಿಣಿ ಹಸಿರು, ಕಲ್ಲು ಕಲ್ಲೇ.

"ಈ ಬ್ಯಾಗ್ ಯಾರದ್ದು?" ಎಂದು ಕೆಂಗೇರಿ ಮೆಟ್ರೊ ನಿಲ್ದಾಣದ ತಪಾಸಣೆಯ ಹುಡುಗಿ ಕೂಗಿದಾಗ ಆ ಎದುರು ಮನೆಯ ಅಜ್ಜಿ ಚಿಕ್ಕಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದರು.

"ನಂದು ಕಣವ್ವ. ಯಾಕೆ?"

"ಒಳಗೆ ದಪ್ಪಗೆ ಏನೋ ಕಾಣಿಸ್ತಿದೆ ಅಜ್ಜಿ. ಕಲ್ಲಾ?"

"ಊಂ. ಗುಂಡುಕಲ್ಲು."

"ಕಲ್ಲು ಹಿಡ್ಕೊಂಡು ಎಲ್ಲಿಗೆ ಹೊರಟ್ರಿ?"

"ರಾಜಾಜಿನಗರಕ್ಕೆ. ಹರಾಜಿಗೆ."

ಹುಡುಗಿಯ ಕೈ ವಾಕಿಟಾಕಿಯತ್ತ ಸರಿಯಿತು. ಜೊತೆಗೆ ಬಂದು ಹಿಂದೆ ನಿಂತಿದ್ದ ನೀಲಾಂಬಿಕಾ ನಡುವೆ ಬಾಯಿ ಹಾಕದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. "ಯಾರಿಗೂ ಹೊಡೆಯೋಕಲ್ಲಮ್ಮ, ತೊಟ್ಟಿಲಿಗೆ ಇಡೋ ಕಲ್ಲು. ನಿಮ್ಮ ಕಡೆ ಇಡಲ್ವಾ?"

ಹುಡುಗಿಯ ಮುಖ ಬಿಚ್ಚಿಕೊಂಡಿತು. "ಓ, ನಾಮಕರಣದ್ದಾ! ನಮ್ಮೂರಲ್ಲೂ ಇಡ್ತಾರೆ. ಹೋಗಿ, ಹೋಗಿ." ಕಲ್ಲಿನ ಕೆಳಗೆ ಹಳೆಯ ರವಿಕೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಮರದ ಗಿಣಿಯನ್ನು ಅವಳು ಕೇಳಲೂ ಇಲ್ಲ, ಇವರು ಹೇಳಲೂ ಇಲ್ಲ.

ಮಗುವನ್ನು ಮಲಗಿಸುವ ಮುನ್ನ ತೊಟ್ಟಿಲಲ್ಲಿ ಗುಂಡುಕಲ್ಲನ್ನು ಮಲಗಿಸಿ, ಅದಕ್ಕೆ ಟೋಪಿ ತೊಡಿಸಿ, ತೂಗಿ ಹಾಡುವುದು ಆ ಸೀಮೆಯ ರೂಢಿ. ಮಗುವಿನ ಆಯಸ್ಸು ಕಲ್ಲಿನಂತೆ ಗಟ್ಟಿಯಾಗಲಿ ಎಂಬುದು ಅದರ ಒಂದು ಅರ್ಥ. ಬರಿದಾದ ತೊಟ್ಟಿಲು ತೂಗಬಾರದು ಎಂಬುದು ಇನ್ನೊಂದು. ಹಾಗೆ ಇಟ್ಟ ಕಲ್ಲನ್ನು ಮಗುವಿಗೆ ಜಾಗ ಮಾಡುವುದಕ್ಕಲ್ಲದೆ ಬೇರೆ ಕಾರಣಕ್ಕೆ ಯಾರೂ ಎತ್ತುವುದಿಲ್ಲ; ಎತ್ತಿದವರ ಮನೆಯ ಕೂಸಿಗೆ ಕೇಡು ಎನ್ನುತ್ತಾರೆ. ಚಿಕ್ಕಲಕ್ಷ್ಮಮ್ಮನವರ ಮನೆತನಕ್ಕೆ ಇದರ ಮೇಲೆ ಇನ್ನೂ ಎರಡು ಕಟ್ಟಳೆಗಳಿದ್ದವು. ಮಗು ಮಲಗುವ ಮನೆಯವರು ತೊಟ್ಟಿಲನ್ನು ದುಡ್ಡು ಕೊಟ್ಟು ಕೊಳ್ಳಬಾರದು. ಅದು ಹಿರಿಯರಿಂದ ಉಳಿದು ಬಂದಿರಬೇಕು, ಇಲ್ಲವೇ ಯಾರಾದರೂ ಮನಸಾರೆ ಕೊಟ್ಟಿರಬೇಕು. ಇನ್ನೊಂದು, ತೊಟ್ಟಿಲನ್ನು ಬೇರೆಯವರಿಗೆ ಎರವಲು ಕೊಡುವಾಗ ಅದರ ನಾಲ್ಕು ಮೂಲೆಯ ನಾಲ್ಕು ಗಿಣಿಗಳಲ್ಲಿ ಒಂದನ್ನು ಕಿತ್ತು ಮನೆಯಲ್ಲೇ ಉಳಿಸಿಕೊಳ್ಳಬೇಕು. ಗಿಣಿ ಇದ್ದಲ್ಲಿಗೆ ತೊಟ್ಟಿಲು ಮರಳುತ್ತದೆ ಎಂಬುದು ಅವರ ನಂಬಿಕೆ.

ಮರಳದೆ ಹೋದದ್ದು ಒಂದೇ ಸಲ. ಚಿಕ್ಕಲಕ್ಷ್ಮಮ್ಮ ಎಳೆ ಬಾಣಂತಿಯಾಗಿದ್ದಾಗ ಸಿನಿಮಾದವರು ಅವರ ತೊಟ್ಟಿಮನೆಯಲ್ಲಿ ಜೋಗುಳದ ಹಾಡೊಂದನ್ನು ಚಿತ್ರೀಕರಿಸಲು ಬಂದಿದ್ದರು. ನಾಯಕಿ ಇವರ ಕೈಯಿಂದ ಮಜ್ಜಿಗೆ ಇಸಿದುಕೊಂಡು ಕುಡಿದು 'ತಂಗೀ' ಎಂದು ಕರೆದಿದ್ದಳು. ಅಷ್ಟಕ್ಕೇ ಈ ಎಳೆ ಸೊಸೆ ಕರಗಿ, ತೊಟ್ಟಿಲು ಕೊಡೋಣವೆಂದು ಅತ್ತೆಯ ಸೆರಗು ಹಿಡಿದಳು. ಅತ್ತೆ ಗೊಣಗುತ್ತಲೇ ಒಂದು ಗಿಣಿ ಕಿತ್ತು ದೇವರ ಗೂಡಿನಲ್ಲಿಟ್ಟು 'ಆಗಲಿ' ಎಂದರು. ಅಂಗಳದ ಚಿತ್ರೀಕರಣ ಮುಗಿಯಿತು. ಉಳಿದ ಒಂದು ದೃಶ್ಯ ಸ್ಟುಡಿಯೊದಲ್ಲಿದೆ ಎಂದು ತೊಟ್ಟಿಲು ವ್ಯಾನು ಹತ್ತಿತು. ಚಿತ್ರ ಊರೂರಲ್ಲಿ ಓಡಿತು, ತೊಟ್ಟಿಲು ಮಾತ್ರ ಬರಲಿಲ್ಲ. ಇಸ್ಕೊಂಡೋನು ಈರಭದ್ರ, ಕೊಟ್ಟೋನು ಕೋಡಂಗಿ.

ಅಂದಿನಿಂದ ಆ ಮನೆಯಲ್ಲಿ ಮಕ್ಕಳು ಹುಟ್ಟಿದಾಗಲೆಲ್ಲ ಬೇರೆಯವರ ತೊಟ್ಟಿಲು ಬರುತ್ತಿತ್ತು, ಅದರ ಜೊತೆಗೆ ಓರಗಿತ್ತಿ ಪುಟ್ಟತಾಯಮ್ಮನ ಮಾತೂ ಬರುತ್ತಿತ್ತು. "ನಿಮ್ಮ ತೊಟ್ಟಿಲು ಸಿನಿಮಾಕ್ಕೆ ಹೋಗೈತಲ್ಲಕ್ಕ, ಮಗೀನ ಟಾಕೀಸಲ್ಲೇ ಮಲಗಿಸಿಬುಡಿ!" ಊರಿನವರ ಬಾಯಲ್ಲಿ ಚಿಕ್ಕಲಕ್ಷ್ಮಮ್ಮ 'ಸಿನಿಮಾ ಲಕ್ಷ್ಮಮ್ಮ' ಆದರು. ಹೊಲ ಬಡಾವಣೆಯಾಗಿ, ನಾಗರಬಾವಿಯಲ್ಲಿ ವಿದ್ಯಾರ್ಥಿಗಳಿಗೆ ಬಾಡಿಗೆ ಕೊಡುವ ಮನೆಗಳೆದ್ದು, ಮನೆ ಮುಂದೆ ಕಾರು ನಿಂತರೂ ಆ ಹೆಸರು ಅಳಿಯಲಿಲ್ಲ.

ಈಗ ಮೊಮ್ಮಗಳು ರಮ್ಯಶ್ರೀ ಹೆರಿಗೆಗೆಂದು ಬಂದು ಹೆಣ್ಣು ಹೆತ್ತಿದ್ದಳು. ನಾಮಕರಣ ಮುಂದಿನ ವಾರವಿತ್ತು. ಮಗುವಿಗೆ ಹಾಲೂಡಿಸುತ್ತ ಫೋನು ನೋಡುತ್ತಿದ್ದ ಅವಳೇ ಮೊದಲು ಕೂಗಿದ್ದು. "ಅಜ್ಜೀ, ಹಳೇ ಸಿನಿಮಾ ಸಾಮಾನು ಹರಾಜಂತೆ. ಈ ತೊಟ್ಟಿಲು ನೋಡು!" ಮಗ ನಾಗರಾಜು ಇಣುಕಿ, "ಎಷ್ಟಾದ್ರೂ ಆಗಲಿ, ನಾನು ಕೊಂಡ್ಕೊಂಡು ಬರ್ತೀನಿ ಬುಡಮ್ಮ" ಎಂದ.

"ಕೊಂಡ್ಕೊಂಡು ತಂದ್ರೆ ಅದು ನಮ್ಮ ತೊಟ್ಟಿಲಲ್ಲ, ಅಂಗಡೀದು. ನೀನು ಸುಮ್ಕಿರು. ನಾನೇ ಹೋಯ್ತೀನಿ."

ಹೇಗೆ ತರುವುದೆಂದು ಅವರಿಗೂ ಗೊತ್ತಿರಲಿಲ್ಲ. ತರುವುದಂತೂ ಖಚಿತವಾಗಿತ್ತು. ಬರಿದಾದ ತೊಟ್ಟಿಲು ದಾರಿಯುದ್ದಕ್ಕೂ ತೂಗಾಡುತ್ತ ಬರಬಾರದಲ್ಲ, ಅದಕ್ಕೇ ಗುಂಡುಕಲ್ಲನ್ನು ಚೀಲಕ್ಕೆ ಹಾಕಿಕೊಂಡಿದ್ದರು.

ರಾಜಾಜಿನಗರದಲ್ಲಿ ಹರಾಜಿಗೆ ಗೊತ್ತುಮಾಡಿದ್ದ ಕಲ್ಯಾಣಮಂಟಪದಲ್ಲಿ ಅಂದು ಮದುವೆ ಇರಲಿಲ್ಲ. ಊಟದ ಮೇಜುಗಳ ಮೇಲೆ ತಗಡಿನ ಖಡ್ಗಗಳು, ಬೇಗಡೆಯ ಕಿರೀಟಗಳು, ಬಣ್ಣ ಮಾಸಿದ ಕ್ಲ್ಯಾಪ್ ಬೋರ್ಡುಗಳು, ನಟನಟಿಯರ ಹಸ್ತಾಕ್ಷರದ ಪುಸ್ತಕಗಳು. ಬಾಗಿಲ ಬಳಿ ಕಿವಿ ಮುರಿದ ಫೈಬರ್ ಸಿಂಹ. ಸಿನಿಮಾದವರಿಗೆ ಸಾಮಾನು ಬಾಡಿಗೆ ಕೊಡುತ್ತಿದ್ದ, ಈಗ ಮುಚ್ಚಿಹೋದ ಗೋದಾಮೊಂದರ ಸರಕೆಲ್ಲ ಅಲ್ಲಿಗೆ ಬಂದಿತ್ತು. ಧಾರೆ ಎರೆಯುವ ವೇದಿಕೆಯ ಮೇಲೆ, ಕಬ್ಬಿಣದ ಚೌಕಟ್ಟಿಗೆ ತೂಗುಹಾಕಿದ ತೊಟ್ಟಿಲು.

ಚಿಕ್ಕಲಕ್ಷ್ಮಮ್ಮ ಯಾರನ್ನೂ ಕೇಳದೆ ಮೆಟ್ಟಿಲು ಹತ್ತಿ ಅದರ ಅಂಚಿನ ಮೇಲೆ ಬೆರಳಾಡಿಸಿದರು. ತಲೆಮಾರುಗಳ ಮಕ್ಕಳು ಹಲ್ಲು ಬರುವಾಗ ಕಡಿದ ಗುರುತುಗಳು ಹಾಗೇ ಇದ್ದವು. ಮೂರು ಗಿಣಿಗಳು ಬಣ್ಣ ಕಳೆದುಕೊಂಡು ನೆಂಟರಂತೆ ಅವರನ್ನೇ ನೋಡುತ್ತಿದ್ದವು. ನಾಲ್ಕನೆಯ ಮೂಲೆಯಲ್ಲಿದ್ದದ್ದು ಅಪರಿಚಿತ ಗಿಣಿ. ಹೊಸ ಬಣ್ಣ, ಕಾಗೆಯಂಥ ಕೊಕ್ಕು.

"ಮುಟ್ಟಬೇಡಿ ತಾಯಿ," ಎಂದಿತು ಹಿಂದಿನಿಂದ ಒಂದು ದನಿ. "ಮುಟ್ಟಿದ್ರೂ ನಷ್ಟ ಇಲ್ಲ ಅನ್ನಿ. ಡೂಪ್ಲಿಕೇಟ್."

ಆತ ಬಸವೇಶ್ವರನಗರದ ಚಕ್ರಪಾಣಿ. ಮನೆಯ ಮೇಲಂತಸ್ತನ್ನು ಸಿನಿಮಾ ವಸ್ತುಗಳಿಗೇ ಬಿಟ್ಟುಕೊಟ್ಟು, ಒಂಟಿಯಾಗಿ ಕೆಳಗೆ ಬದುಕುತ್ತಿದ್ದ ಮನುಷ್ಯ. ಸಂಗ್ರಾಹಕರ ಬಳಗದಲ್ಲಿ ಅವರು ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ. ಅವರು ಟ್ಯಾಬ್ಲೆಟ್ ತೆರೆದು ಚಿತ್ರದ ಒಂದು ದೃಶ್ಯ ತೋರಿಸಿದರು. ನಾಯಕಿ ತೂಗುತ್ತಿದ್ದಾಳೆ, ತೊಟ್ಟಿಲೊಳಗೆ ಮಗು ಬೊಚ್ಚುಬಾಯಿ ತೆರೆದು ನಗುತ್ತಿದೆ.

"ನೋಡಿ, ಪಿಕ್ಚರಲ್ಲಿ ಮೂರೇ ಗಿಣಿ. ಇಲ್ಲಿ ನಾಲ್ಕಿದೆ. ಆ ಖಾಲಿ ಮೂಲೆ ಅಂದ್ರೆ ನಾಯಕಿಯ ಮನಸ್ಸಿನ ಶೂನ್ಯ. ನಿರ್ದೇಶಕರ ಸಂಕೇತ ಅದು. ಅದರ ಮೇಲೆ ನಾನು ಲೇಖನಾನೇ ಬರ್ದಿದೀನಿ."

"ಸಂಕೇತಾನೂ ಇಲ್ಲ, ಗಿಂಕೇತಾನೂ ಇಲ್ಲ. ನಮ್ಮತ್ತೆ ಕಿತ್ತಿಟ್ಕಂಡ್ರು."

ಮಾತು ಮುಗಿಸುವಷ್ಟರಲ್ಲಿ ಚಿಕ್ಕಲಕ್ಷ್ಮಮ್ಮ ಆ ಹೊಸ ಗಿಣಿಯ ಕತ್ತು ಹಿಡಿದು ತಿರುಚಿದ್ದರು. ಅದು ಒಂದೇ ಸುತ್ತಿಗೆ ಕಿತ್ತುಬಂತು. ಚೀಲದಿಂದ ತಮ್ಮ ಗಿಣಿಯನ್ನು ತೆಗೆದು, ರವಿಕೆ ಬಟ್ಟೆ ಬಿಚ್ಚಿ, ಅದರ ಕಾಲಿನ ಗೂಟವನ್ನು ಮೂಲೆಯ ತೂತಿಗೆ ಒತ್ತಿದರು. ಟಕ್ ಎಂದು ಕೂತಿತು. ಐವತ್ತು ವರ್ಷ ಬೇರೆಯಿದ್ದು ಬಂದ ಮರ ಮರವನ್ನು ಗುರುತು ಹಿಡಿದ ಸದ್ದು ಮಂಟಪದ ಕೊನೆಯವರೆಗೆ ಕೇಳಿಸಿತು ಎಂದು ನೀಲಾಂಬಿಕಾ ಈಗಲೂ ಆಣೆಯಿಡುತ್ತಾರೆ.

ಚಕ್ರಪಾಣಿ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ಎಲ್ಲಿತ್ತಮ್ಮ ಇದು?"

"ನಮ್ಮ ದೇವರ ಗೂಡಲ್ಲಿ."

"ಒರಿಜಿನಲ್," ಎಂದರು ಅವರು, ಪಿಸುಮಾತಿನಲ್ಲಿ. ಆ ಪಿಸುಮಾತು ಮಂಟಪದ ತುಂಬ ಹಬ್ಬಿತು.

ಹರಾಜು ನಡೆಸುವ ಮಾಲವಿಕಾ ಮೈಕು ಹಿಡಿದೇ ಓಡಿಬಂದಳು. ಚಿಕ್ಕಲಕ್ಷ್ಮಮ್ಮ ಅವಳ ಕೈ ಹಿಡಿದು ನೇರವಾಗಿ ಕೇಳಿದರು. "ನಮ್ದು ಅಂತ ಗೊತ್ತಾಯ್ತಲ್ಲವ್ವ. ಕೊಟ್ಬುಡು."

"ಅಜ್ಜಿ, ನಾನು ನಂಬ್ತೀನಿ. ಆದ್ರೆ ಗೋಡೌನ್ ಓನರ್ ನಂಗೆ ಮಾರೋಕೆ ಅಂತ ಕೊಟ್ಟಿರೋದು, ನಾನು ಸುಮ್ನೆ ಹೇಗೆ ಕೊಡ್ಲಿ? ಪೇಪರ್ಸ್ ಏನಾದ್ರೂ ಇದೆಯಾ?"

"ತೊಟ್ಟಿಲು ಎರವಲು ಕೊಡೋವಾಗ ಪತ್ರ ಬರ್ಸ್ಕಂತಾರೇನವ್ವ?"

ಉತ್ತರ ಬಂದದ್ದು ಮುಂದಿನ ಸಾಲಿನಿಂದ. ನಾಗರಬಾವಿಯಲ್ಲಿ ಹಳ್ಳಿಮನೆಯ ಮಾದರಿಯ ಹೋಟೆಲು ತೆರೆಯಲಿದ್ದ ಮಧ್ವೇಶ್ ಎಂಬ ತರುಣ ಎದ್ದುನಿಂತು ಗೆಳೆಯನ ಬೆನ್ನು ತಟ್ಟಿದ. "ಒರಿಜಿನಲ್ ಅಂತ ಪ್ರೂಫೇ ಆಯ್ತಲ್ಲ ಗುರು! ಎಂಟ್ರೆನ್ಸಲ್ಲಿ ನೇತುಹಾಕಿ, ಒಳಗೆ ಐಸ್ ಸುರಿದು ಜ್ಯೂಸ್ ಬಾಟಲ್ ಜೋಡ್ಸಿದ್ರೆ... ಜನ ಫೋಟೊ ಹೊಡ್ಕೊಂಡು ಸಾಯ್ತಾರೆ ಮಗಾ!"

ನೀಲಾಂಬಿಕಾ ಚಿಕ್ಕಲಕ್ಷ್ಮಮ್ಮನವರ ಮೊಣಕೈ ಜಗ್ಗಿದರು. "ಅಯ್ಯೋ ಅಮ್ಮ, ಸುಮ್ನಿದ್ದಿದ್ರೆ ಡೂಪ್ಲಿಕೇಟ್ ಅಂತ ಒಬ್ರೂ ತಿರುಗಿ ನೋಡ್ತಿರಲಿಲ್ಲ. ನೀವೇ ಎಲ್ಲರಿಗೂ ಆಸೆ ಹುಟ್ಟಿಸಿಬಿಟ್ರಲ್ಲ!"

ಅದು ಅವರಿಗೂ ಆಗಲೇ ಹೊಳೆದಿತ್ತು. ಒಮ್ಮೆ ನಾಯಕಿಯ ಸವಿಮಾತಿಗೆ ಸೋತು ತೊಟ್ಟಿಲು ಕಳೆದುಕೊಂಡಿದ್ದರು; ಈಗ ತಮ್ಮದೇ ಹೆಮ್ಮೆಗೆ ಸೋತು ಎರಡನೆಯ ಸಲ ಕಳೆದುಕೊಳ್ಳುವಂತಾಗಿತ್ತು. ಐಸಿನ ನೀರು ತೊಟ್ಟಿಲಿನ ಬಿರುಕುಗಳಲ್ಲಿ ಇಳಿಯುವುದು ಕಣ್ಣಿಗೆ ಕಟ್ಟಿತು. ಅವರು ಗಿಣಿಯನ್ನು ಕಿತ್ತು ಮತ್ತೆ ಚೀಲಕ್ಕೆ ಹಾಕಿಕೊಂಡರು. "ಇದಂತೂ ನಂದು," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕೆಳಗಿಳಿದು ಕೂತರು.

"ನಾಗರಾಜುಗೆ ಫೋನ್ ಮಾಡಲಾ? ಅವನು ಬಂದು ಹರಾಜು ಕೂಗಲಿ," ಎಂದರು ನೀಲಾಂಬಿಕಾ.

"ಕೂಗಾದು ಬ್ಯಾಡ. ಟೆಂಪೊ ತರಕ್ಕೆ ಹೇಳು."

"ಟೆಂಪೊನಾ? ತೊಟ್ಟಿಲೇ ಸಿಕ್ಕಿಲ್ಲ!"

"ಹೇಳು ನೀನು."

ಹರಾಜು ಶುರುವಾಯಿತು. ನಂಬರು ಬರೆದ ರಟ್ಟುಗಳು ಅಲ್ಲೊಂದು ಇಲ್ಲೊಂದು ಮೇಲೆದ್ದವು. ಮಧ್ವೇಶನದು ಎಲ್ಲಕ್ಕಿಂತ ಎತ್ತರ, ಚಕ್ರಪಾಣಿಯವರದು ಎಲ್ಲಕ್ಕಿಂತ ನಿಧಾನ. ಹಿಂದಿನ ಸಾಲಿನವರಿಗೂ ಚೆನ್ನಾಗಿ ಕಾಣಲೆಂದು ಮಾಲವಿಕಾಳ ಸಹಾಯಕ ಯೋಗಾನಂದ ತೊಟ್ಟಿಲನ್ನು ಜೋರಾಗಿ ತೂಗತೊಡಗಿದ. ಬರಿದಾದ ತೊಟ್ಟಿಲು. ಸರಪಳಿ ಕಿರ್ರೆಂದಾಗಲೆಲ್ಲ ಚಿಕ್ಕಲಕ್ಷ್ಮಮ್ಮ ಕುರ್ಚಿಯಲ್ಲಿ ಮುಂದಕ್ಕೆ ಮುಂದಕ್ಕೆ ಜರುಗುತ್ತಿದ್ದರು. ಮನೆಯಲ್ಲಿ ಹಸುಗೂಸು ಇರುವ ಹೆಂಗಸು ಅದನ್ನು ಕೂತು ನೋಡುವುದೆಂದರೇನು? ಗಿಣಿಯನ್ನು ನೆಚ್ಚಿ ಹೂಡಿದ್ದ ಉಪಾಯವನ್ನೆಲ್ಲ ಮರೆತು ಅವರು ಎದ್ದುಬಿಟ್ಟರು.

"ನಿಲ್ಸಪ್ಪ! ಬರೀ ತೊಟ್ಟಿಲು ಯಾರಾದ್ರೂ ತೂಗ್ತಾರಾ? ನಿಮ್ಮವ್ವ ಹೇಳ್ಕೊಟ್ಟಿಲ್ವಾ?"

ಅಂಗೈಯಿಂದ ತೊಟ್ಟಿಲನ್ನು ತಡೆದು, ಚೀಲದಿಂದ ಗುಂಡುಕಲ್ಲು ತೆಗೆದರು. ರವಿಕೆ ಬಟ್ಟೆಯನ್ನು ಒಳಗೆ ಹಾಸಿದರು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಉಣ್ಣೆಯ ಟೋಪಿಯನ್ನು ಕಲ್ಲಿಗೆ ತೊಡಿಸಿದರು. "ನೀಲಾ, ಆ ಕಡೆ ನಿಂತ್ಕೋ." ನೀಲಾಂಬಿಕಾ ನಿಂತರು. ಕಲ್ಲು ತೊಟ್ಟಿಲ ಕೆಳಗಿನಿಂದ ಒಬ್ಬರ ಕೈಗೆ, ಮೇಲಿನಿಂದ ಇನ್ನೊಬ್ಬರ ಕೈಗೆ ದಾಟಿ ಕೊನೆಗೆ ಹಾಸಿನ ಮೇಲೆ ಮಲಗಿತು. ಚಿಕ್ಕಲಕ್ಷ್ಮಮ್ಮ ತಮ್ಮ ಅತ್ತೆಯಿಂದ ಕಲಿತ ಹಾಡನ್ನು ಎತ್ತಿಕೊಂಡರು. ದನಿ ಒಡೆದಿತ್ತು, ಲಯ ಒಡೆದಿರಲಿಲ್ಲ.

ಹೆಂಗಸರನ್ನು ಯಾರೂ ಕರೆಯಲಿಲ್ಲ. ಹಸ್ತಾಕ್ಷರದ ಪುಸ್ತಕ ಕೊಳ್ಳಲು ಬಂದಿದ್ದವರೊಬ್ಬರು, ಯಾರದೋ ಹೆಂಡತಿ, ಚಹಾ ಹಂಚುತ್ತಿದ್ದಾಕೆ, ಎಲ್ಲರೂ ಕಾಲು ಎಳೆದಲ್ಲಿಗೆ ಎನ್ನುವಂತೆ ವೇದಿಕೆ ಹತ್ತಿದರು. ಮಾಲವಿಕಾ ಮೈಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಾನೂ ಒಂದು ಸರಪಳಿ ಹಿಡಿದಳು. ಮೈಕು ಚಾಲೂ ಇತ್ತು. ಜೋಗುಳ ಕಲ್ಯಾಣಮಂಟಪದ ಸ್ಪೀಕರುಗಳಲ್ಲಿ ಮೊಳಗಿ ಬೀದಿಗೆ ಹರಿಯಿತು.

ಹಾಡು ಮುಗಿದ ಮೇಲೆ ಮಾಲವಿಕಾಳಿಗೆ ಕೆಲಸ ನೆನಪಾಯಿತು. "ಸರಿ... ಬಿಡ್ಡಿಂಗ್ ಕಂಟಿನ್ಯೂ ಮಾಡೋಣ. ಯೋಗಾನಂದ, ಆ ಕಲ್ಲು ತೆಗೀರಿ."

ಯೋಗಾನಂದ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ಮೇಡಂ, ನಂದು ಈಗ ತಾನೆ ಮದುವೆ ಆಗಿರೋದು."

"ನೀವಾದ್ರೂ ತೆಗೀರಿ ಮತ್ತೆ," ಎಂದ ಯಾರೋ ಮಾಲವಿಕಾಳಿಗೆ. ಅವಳು ಕೇಳಿಸದವಳಂತೆ ಮೈಕಿನ ವೈರು ಬಿಡಿಸತೊಡಗಿದಳು.

"ಏನ್ ಗುರು, ಒಂದು ಕಲ್ಲಿಗೆ ಇಷ್ಟೊಂದು ಸೀನಾ?" ಮಧ್ವೇಶ್ ನಗುತ್ತ ಮೆಟ್ಟಿಲು ಹತ್ತಿ ಕೈ ಚಾಚಿದ. ಚಿಕ್ಕಲಕ್ಷ್ಮಮ್ಮ ಪಕ್ಕಕ್ಕೆ ಸರಿದರು. ಬೈಯಲಿಲ್ಲ, ಶಪಿಸಲಿಲ್ಲ, ತಡೆಯಲೂ ಇಲ್ಲ. ಚಹಾದವಳು ಮಾತ್ರ ಲೋಟ ಜೋಡಿಸುತ್ತ ಸಹಜವಾಗಿ ಕೇಳಿದಳು. "ಎತ್ತಣ್ಣ, ಎತ್ತು. ಮನೇಲಿ ಬಸುರಿ, ಬಾಣಂತಿ ಯಾರೂ ಇಲ್ಲ ತಾನೆ?"

ಕೈ ಟೋಪಿಯ ಮೇಲೆ ಗೇಣುದ್ದ ದೂರದಲ್ಲಿ ನಿಂತಿತು. ಮಧ್ವೇಶ್ ಆ ಕೈಯಿಂದ ಏನು ಮಾಡುವುದೆಂದು ತಿಳಿಯದೆ ಕೊನೆಗೆ ತಲೆ ಕೆರೆದುಕೊಂಡ. "ನಮ್ಮನೇವ್ಳಿಗೆ ಆರು ತಿಂಗಳು," ಎಂದ ಮೆಲ್ಲಗೆ. "ಅಮ್ಮಂಗೆ ಗೊತ್ತಾದ್ರೆ ನನ್ನನ್ನ ಒಳಕ್ಕೇ ಸೇರಿಸಲ್ಲ." ಕಲ್ಲಿಗೊಂದು ಕೈಮುಗಿದು ಕೆಳಗಿಳಿದ. "ನಂಗೆ ಆ ಸಿಂಹಾನೇ ಸಾಕು ಬಿಡಿ ಮೇಡಂ."

ಇಡೀ ಮಂಟಪ ನಗೆಯಲ್ಲಿ ಮುಳುಗಿತು. ರಟ್ಟುಗಳು ಒಂದೊಂದಾಗಿ ಮಡಿಲಿಗೆ ಇಳಿದವು. ಒಂದೇ ಒಂದು ರಟ್ಟು ಮೇಲೆ ಉಳಿಯಿತು. ಮಾಲವಿಕಾ ಮೂರು ಸಾರಿ ಕೂಗಿ ಮೇಜು ಕುಟ್ಟಿದಳು. ತೊಟ್ಟಿಲು ಚಕ್ರಪಾಣಿಯವರದಾಯಿತು.

ಅವರು ಮೆಟ್ಟಿಲು ಹತ್ತಿ ಬಂದರು. ಹರೆಯದಲ್ಲಿ ಗಾಂಧಿನಗರದ ಟಾಕೀಸಿನ ಕತ್ತಲಲ್ಲಿ ಕಂಡಂದಿನಿಂದ ಹುಡುಕಿದ ವಸ್ತು ಈಗ ಕೈಯಳತೆಯಲ್ಲಿತ್ತು. ಕಲ್ಲಿನತ್ತ ಬಗ್ಗಿದವರು ಹಾಗೇ ನೆಟ್ಟಗಾದರು. "ನಾನು ಒಂಟಿ ಮನುಷ್ಯ ತಾಯಿ. ಹೆದರಿಕೆಗೆ ಕಾರಣಾನೇ ಇಲ್ಲ. ಆದ್ರೂ ಕೈ ಬರ್ತಿಲ್ಲ."

"ಎತ್ತಬ್ಯಾಡಿ. ಅದನ್ನ ಎತ್ಸಿ ಮಲಗಕ್ಕೆ ನಮ್ಮನೇಲಿ ಮಗು ಐತೆ. ಹಿಂಗೇ ಕೊಡಿ."

"ಕೊಡೋದಾ? ಹರಿದ ಸಿನಿಮಾ ಟಿಕೆಟ್ ಕೂಡ ಇದುವರೆಗೆ ಯಾರಿಗೂ ಕೊಟ್ಟೋನಲ್ಲ ನಾನು."

"ಅದಕ್ಕೇ ಕೊಡಬ್ಯಾಡಿ. ಎರವಲು ಕೊಡಿ." ಚಿಕ್ಕಲಕ್ಷ್ಮಮ್ಮ ಚೀಲದಿಂದ ಗಿಣಿಯನ್ನು ತೆಗೆದು, ಸೆರಗಿನಿಂದ ಒರೆಸಿ, ಅವರ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. "ತೊಟ್ಟಿಲು ಯಾರದೋ ಗಿಣಿ ಅವರತ್ರ ಇರಬೇಕು. ಇವತ್ತಿಂದ ತೊಟ್ಟಿಲು ನಿಮ್ದು. ಗಿಣಿ ಇದ್ದಲ್ಲಿಗೆ ಅದು ಬಂದೇ ಬತ್ತದೆ."

"ಯಾವಾಗ ಬರುತ್ತೆ?"

"ನಮ್ಮನೇಲಿ ಮಕ್ಕಳು ಹುಟ್ಟಾದು ನಿಂತ ಮ್ಯಾಲೆ."

ನೀಲಾಂಬಿಕಾ ಸೆರಗು ಬಾಯಿಗೆ ಒತ್ತಿಕೊಂಡರು. ಚಕ್ರಪಾಣಿ ನಗಲಿಲ್ಲ. ಟ್ಯಾಬ್ಲೆಟ್ಟಿನಲ್ಲಿ ಆ ಖಾಲಿ ಮೂಲೆಯನ್ನು ನೋಡಿದರು, ಅಂಗೈಯೊಳಗಿನ ಗಿಣಿಯನ್ನು ನೋಡಿದರು. ಚಿತ್ರದಲ್ಲಿ ಯಾರೂ ಕಾಣದ್ದು, ಯಾವ ಸಂಗ್ರಾಹಕನೂ ಇದೆಯೆಂದೇ ಅರಿಯದಿದ್ದದ್ದು ಅದು. ಗಿಣಿಯನ್ನು ಮೆಲ್ಲಗೆ ಜೇಬಿಗಿಳಿಸಿ 'ಆಗಲಿ' ಎಂದರು.

ಅಷ್ಟರಲ್ಲಿ ನಾಗರಾಜು ಬಂದ. ಹೊಟ್ಟೆ ಮುಂದೆ, ಬೆವರು ಹಿಂದೆ, ಬೆರಳಲ್ಲಿ ಟೆಂಪೊ ಕೀಲಿ. "ಅಮ್ಮಾ, ಎಲ್ಲಿ ಸಾಮಾನು? ರಾಂಗ್ ಪಾರ್ಕಿಂಗಲ್ಲಿ ಹಾಕ್ಬಂದಿದೀನಿ."

"ಸಾರ್, ನಿಮ್ಮ ಫೋಟೋದಾಗೆ ನಗ್ತಾ ಇರೋ ಕೂಸು ಯಾವುದು ಗೊತ್ತಾ?" ಎಂದರು ಚಿಕ್ಕಲಕ್ಷ್ಮಮ್ಮ.

"ಅದೊಂದು ಗೊತ್ತಾಗಿಲ್ಲಮ್ಮ. ಟೈಟಲ್ಲಲ್ಲೂ ಹೆಸರಿಲ್ಲ. ಹುಡುಕಿ ಹುಡುಕಿ ಸಾಕಾಗಿದೆ."

"ಇಗೋ, ಬಂದ."

ಚಕ್ರಪಾಣಿ ನಾಗರಾಜುವಿನ ಮುಖ ನೋಡಿದರು, ಚಿತ್ರ ನೋಡಿದರು, ಮತ್ತೆ ಮುಖ ನೋಡಿದರು. ಆಮೇಲೆ ತಮ್ಮ ಚೀಲದಿಂದ ಆ ದೃಶ್ಯದ ಮುದ್ರಿತ ಫೋಟೊ ತೆಗೆದು, ಪೆನ್ನಿನ ಜೊತೆ ಎರಡೂ ಕೈಯಲ್ಲಿ ಮುಂದೆ ಹಿಡಿದರು. "ಸಾರ್, ಒಂದು ಆಟೋಗ್ರಾಫ್."

ನಾಗರಾಜು ಹಿಂದೆ ಸರಿದ. "ಸೈಟ್ ವಿಷಯಾನಾ ಸಾರ್? ಓದ್ದೆ ಸೈನ್ ಹಾಕಲ್ಲ ನಾನು."

ವಿಷಯ ತಿಳಿದ ಮೇಲೆ ಆತ ನಾಚಿ, ಕರ್ಚೀಫಿನಿಂದ ಮುಖ ಒರೆಸಿಕೊಂಡು, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹಾಕುವಂತೆ ದೊಡ್ಡದಾಗಿ ರುಜು ಹಾಕಿದ. ನೋಡನೋಡುತ್ತ ಹಿಂದೆ ಸಾಲು ಬೆಳೆಯಿತು. ಅದರಲ್ಲಿ ಮಧ್ವೇಶನೂ ಇದ್ದ. ಸಾಲು ಕರಗಿದ ಮೇಲೆ ನಾಗರಾಜು ದುಡ್ಡಿಗೆಂದು ಜೇಬಿಗೆ ಕೈ ಹಾಕಿದ. ತಾಯಿ ಕಣ್ಣು ಬಿಟ್ಟರು. ಕೈ ಹೊರಗೆ ಬಂತು.

ತೊಟ್ಟಿಲು ಟೆಂಪೊದಲ್ಲಿ ಮೈಸೂರು ರಸ್ತೆ ಹಿಡಿದು ಹೊರಟಾಗ ಚಿಕ್ಕಲಕ್ಷ್ಮಮ್ಮ ಮುಂದೆ ಕೂರಲೊಪ್ಪದೆ ಹಿಂದೆ, ತೊಟ್ಟಿಲಿನ ಪಕ್ಕ ಕೂತರು. ದೀಪಾಂಜಲಿ ನಗರದ ಬಳಿ ಗಾಡಿ ಸಾಲುಗಟ್ಟಿ ನಿಂತಾಗ, ಬಸ್ಸಿನ ಕಿಟಕಿಯಿಂದ ಯಾರೋ "ಏನಜ್ಜಿ, ಮಗು ಮಲಗಿದೆಯಾ?" ಎಂದು ಕೇಳಿದರಂತೆ.

"ಮಲಗೈತೆ," ಎಂದರಂತೆ ಇವರು.

ನಾಮಕರಣದ ದಿನ ಮೊದಲ ತಾಂಬೂಲ ಸಂದದ್ದು ತೊಟ್ಟಿಲು ಕೊಟ್ಟ ಮನೆಯವರಿಗೆ. ಚಕ್ರಪಾಣಿ ಇಸ್ತ್ರಿ ಮಾಡಿದ ಪಂಚೆಯುಟ್ಟು, ಗಂಭೀರವಾಗಿ, ಮಾವನಂತೆ ಕೂತು ಅದನ್ನು ತೆಗೆದುಕೊಂಡರು. ಪುಟ್ಟತಾಯಮ್ಮ ತೊಟ್ಟಿಲನ್ನು ಸುತ್ತ ಮುತ್ತ ನೋಡಿ, ಹೇಳಲೊಂದು ಕೊರತೆ ಕೊನೆಗೂ ಸಿಕ್ಕಿತೆಂಬಂತೆ, "ಒಂದು ಗಿಣಿ ಇಲ್ವಲ್ಲಕ್ಕ?" ಎಂದಳು.

"ಐತೆ ಕಣಮ್ಮಿ. ಬಸವೇಶ್ವರನಗರದಲ್ಲಿ," ಎಂದರು ಸಿನಿಮಾ ಲಕ್ಷ್ಮಮ್ಮ.

ಇಷ್ಟು ಹೇಳಿ ನೀಲಾಂಬಿಕಾ ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡರು. ಶಾಮಿಯಾನದ ಬಟ್ಟೆಯ ಮೇಲಿನ ಬಿಸಿಲು ಇಳಿದಿತ್ತು. ಕೇಳುತ್ತ ಕೂತವರು ಒಬ್ಬೊಬ್ಬರಾಗಿ ಎದ್ದು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ, ಹೇಳಿ ಹೋಗಲೆಂದು ಒಳಗೆ ನಡೆದರು. ರಮ್ಯಶ್ರೀ ಮಗುವನ್ನು ಹಾಲೂಡಿಸಲು ಕೋಣೆಗೆ ಕರೆದೊಯ್ದಿದ್ದಳು. ಹಜಾರದ ತೊಲೆಗೆ ತೂಗುಹಾಕಿದ ತೊಟ್ಟಿಲಲ್ಲಿ, ಉಣ್ಣೆಯ ಟೋಪಿ ತೊಟ್ಟ ಗುಂಡುಕಲ್ಲು ಮಲಗಿತ್ತು. ತಾಂಬೂಲದ ಚೀಲ ಹಿಡಿದು ಹೊರಟವರು ಹೋಗುಹೋಗುತ್ತ ಗಿಣಿಯಿಲ್ಲದ ಆ ಮೂಲೆಯನ್ನು ಒಮ್ಮೆ ಮುಟ್ಟಿ, ಮೆಲ್ಲಗೆ ತೂಗಿ, ತಮ್ಮ ತಮ್ಮ ಮನೆಗಳಿಗೆ ಹೋದರು.